ಬೇವು ತುದಿಯಿಂದ ಒಣಗುತ್ತಿದೆ: ಅಧ್ಯಯನವನ್ನು ಶಿಲೀಂಧ್ರದಿಂದ ಆರಂಭಿಸಲೇ, ಮರದಿಂದಲೇ?

ಪ್ರಶ್ನೆ: ಸಂಶೋಧನಾ ವಿದ್ಯಾರ್ಥಿನಿ, ತುಮಕೂರು

ಎಲ್ಲರಿಗೂ ನಮಸ್ಕಾರ. ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಪಿಎಚ್.ಡಿ.ಗೆ ನೋಂದಾಯಿಸಿಕೊಂಡು ನನಗೆ ಎಂಟು ತಿಂಗಳಾಗಿದೆ. ಜಿಲ್ಲೆಯ ಎಲೆಯುದುರುವ ಕಾಡುಗಳ ಶಿಲೀಂಧ್ರಗಳು ಮತ್ತು ಮರಗಳ ಆರೋಗ್ಯ ಎಂದು ವಿಷಯವನ್ನು ಸಾಕಷ್ಟು ಅಗಲವಾಗಿಯೇ ಬರೆದುಕೊಟ್ಟಿದ್ದೇನೆ. ಇನ್ನು ನಾಲ್ಕು ತಿಂಗಳಲ್ಲಿ ಅದನ್ನು ಕಿರಿದುಗೊಳಿಸಿ ಸಮಿತಿಯ ಮುಂದೆ ಮಂಡಿಸಬೇಕಾಗಿದೆ, ಆದರೆ ಯಾವ ತುದಿಯಿಂದ ಹಿಡಿಯಬೇಕೆಂಬುದು ಬಗೆಹರಿಯುತ್ತಿಲ್ಲ.

ಈ ವರ್ಷದ ಹಿಂಗಾರಿನಲ್ಲಿ ಊರ್ಡಿಗೆರೆಯಿಂದ ದೇವರಾಯನದುರ್ಗಕ್ಕೆ ಹೋಗುವ ದಾರಿಯುದ್ದಕ್ಕೂ, ಹೊಲದ ಬದುಗಳಲ್ಲಿಯೂ ಬೇವಿನ ಮರಗಳು ಬೆಂಕಿ ತಾಗಿದಂತೆ ಕಂದಾಗಿ ನಿಂತಿವೆ. ಹತ್ತಿರ ಹೋಗಿ ಒಂದು ರೆಂಬೆಯನ್ನು ಬಗ್ಗಿಸಿ ನೋಡಿದರೆ ಎಲೆಗಳು ಉದುರದೆ ಮುರುಟಿಕೊಂಡು ಜೋತುಬಿದ್ದಿರುತ್ತವೆ. ತೊಗಟೆಯನ್ನು ಉಗುರಿನಿಂದ ಕೆರೆದರೆ ತುದಿಯಿಂದ ಕೆಳಕ್ಕೆ ಒಂದು ಗೇಣಿನಷ್ಟು ಕಂದು ಬಣ್ಣ, ಅದರ ಕೆಳಗೆ ಇದ್ದಕ್ಕಿದ್ದಂತೆ ಹಸಿರು. ಆ ಗಡಿಯ ಭಾಗದಿಂದ ಸಣ್ಣ ತುಂಡುಗಳನ್ನು ತೆಗೆದು, ಹೈಪೋಕ್ಲೋರೈಟ್ ದ್ರಾವಣದಲ್ಲಿ ಅದ್ದಿ, ಶುದ್ಧ ನೀರಿನಲ್ಲಿ ಮೂರು ಸಲ ತೊಳೆದು ಶಿಲೀಂಧ್ರ ಬೆಳೆಸುವ ಆಲೂಗಡ್ಡೆ ಅಗರ್ ಮೇಲೆ ಇಟ್ಟಿದ್ದೆ. ನಾಲ್ಕನೆಯ ದಿನಕ್ಕೆ ಹತ್ತಿಯಂತಹ ಬಿಳಿ ಬೆಳವಣಿಗೆ, ಮೂರು ವಾರದ ನಂತರ ಅದರ ನಡುವೆ ಕಪ್ಪು ಗುಳ್ಳೆಗಳು ಕಾಣಿಸಿಕೊಂಡವು. ಫೋಮಾಪ್ಸಿಸ್ ಎಂಬ ಶಿಲೀಂಧ್ರ ಇರಬೇಕೆಂದು ನನ್ನ ಊಹೆ.

ಈ ನಡುವೆ ರಸ್ತೆಬದಿಯ ಹೊಂಗೆ ಮತ್ತು ಹುಣಸೆ ಮರಗಳ ಬುಡದಲ್ಲಿ ಮರ ಕೊಳೆಸುವ ಗ್ಯಾನೋಡರ್ಮಾ ಅಣಬೆಗಳನ್ನೂ ಕಂಡಿದ್ದೇನೆ. ಜಾಲಾರಿ ಮರಗಳ ಕೆಳಗೆ ಮಳೆಗಾಲದಲ್ಲಿ ಏಳುವ ನಾಯಿಕೊಡೆಗಳ ಚಿತ್ರಗಳೂ ಸಾಕಷ್ಟು ಸೇರಿವೆ. ಮೂರನ್ನೂ ಕೈಬಿಡಲು ಮನಸ್ಸಿಲ್ಲ, ಮೂರನ್ನೂ ಮಾಡಲು ಸಮಯವಿಲ್ಲ. ನಮ್ಮ ವಿಭಾಗದ ಹಿರಿಯರೊಬ್ಬರು "ಸಿಕ್ಕಿದ್ದನ್ನೆಲ್ಲ ಪ್ರತ್ಯೇಕಿಸಿ ಡಿಎನ್‌ಎ ಮಾಡಿಸಿ ಪಟ್ಟಿ ಕೊಡು, ಪ್ರಬಂಧವಾಗುತ್ತದೆ" ಎನ್ನುತ್ತಾರೆ. ಪಟ್ಟಿ ಕೊಟ್ಟರೆ ಕಾಡಿನ ಆರೋಗ್ಯದ ಬಗ್ಗೆ ನಾನು ಏನನ್ನಾದರೂ ಹೇಳಿದಂತಾಗುತ್ತದೆಯೇ ಎಂಬುದು ನನ್ನ ಅನುಮಾನ. ಅನುಭವಸ್ಥರು ದಾರಿ ತೋರಿಸಬೇಕಾಗಿ ವಿನಂತಿ.

ಉತ್ತರ 1: ನಿವೃತ್ತ ಸಸ್ಯರೋಗಶಾಸ್ತ್ರ ಅಧ್ಯಾಪಕ, ಕೋಲಾರ

ನಿಮ್ಮ ಅನುಮಾನ ಸರಿಯಾಗಿದೆ, ಅದನ್ನು ಬಿಡಬೇಡಿ. ಸಾಯುತ್ತಿರುವ ರೆಂಬೆಯಲ್ಲಿ ಸಿಕ್ಕ ಶಿಲೀಂಧ್ರವೇ ಅದನ್ನು ಸಾಯಿಸುತ್ತಿದೆ ಎಂದು ತೀರ್ಮಾನಿಸುವುದು, ಹೆಣದ ಸುತ್ತ ನಿಂತವರೆಲ್ಲ ಕೊಲೆಗಾರರು ಎಂದಂತೆ. ಕೆಲವರು ಅಳಲು ಬಂದವರು, ಕೆಲವರು ಊಟಕ್ಕೆ ಬಂದವರು.

ಮೊದಲು ಬೇವಿನ ವಿಚಾರ. ತುದಿ ಒಣಗುವ ಈ ರೋಗಕ್ಕೆ ಕಾರಣವಾದ ಫೋಮಾಪ್ಸಿಸ್ ಅಜಾಡಿರಾಕ್ಟೇ ಎಂಬ ಪ್ರಭೇದವನ್ನು 1997ರಲ್ಲಿ ವಿವರಿಸಿದವರು ನಮ್ಮ ಮೈಸೂರು ವಿಶ್ವವಿದ್ಯಾಲಯದವರೇ. ಈಗ ಆ ಕುಲವನ್ನು ಡಯಾಪೋರ್ಥೆ ಎಂಬ ಹೆಸರಿನಡಿ ಸೇರಿಸಿದ್ದಾರೆ. ಇತ್ತೀಚಿನ ವರ್ಷಗಳಲ್ಲಿ ತೆಲಂಗಾಣದಲ್ಲಿಯೂ ನಮ್ಮಲ್ಲಿಯೂ ಅದು ವ್ಯಾಪಕವಾಗಿ ಕಾಣಿಸಿಕೊಂಡು ಪತ್ರಿಕೆಗಳಲ್ಲಿ ಸುದ್ದಿಯಾಯಿತು. ಹೀಗಾಗಿ ನಿಮ್ಮ ಊಹೆ ಬರಿಯ ಊಹೆಯಲ್ಲ. ಕಪ್ಪು ಗುಳ್ಳೆಯೊಂದನ್ನು ಸೂಜಿಯಿಂದ ಎತ್ತಿ, ಗಾಜಿನ ಪಟ್ಟಿಯ ಮೇಲೆ ಒಂದು ಹನಿ ನೀರಿನಲ್ಲಿ ಒಡೆದು, 40ರ ಮಸೂರದಲ್ಲಿ ನೋಡಿ. ಎರಡು ಬಗೆಯ ಬೀಜಕಗಳು ಕಾಣಬೇಕು: ಒಂದು ಬಗೆಯದು ಅಕ್ಕಿಕಾಳಿನಂತೆ, ಒಳಗೆ ಎರಡು ಎಣ್ಣೆಹನಿಗಳು ಹೊಳೆಯುತ್ತಿರುತ್ತವೆ, ಇನ್ನೊಂದು ದಾರದ ಎಳೆಯಂತೆ, ತುದಿ ಕೊಕ್ಕೆಯ ಹಾಗೆ ಬಾಗಿರುತ್ತದೆ. ಎರಡೂ ಕಂಡರೆ ಕುಲದ ಮಟ್ಟಿಗೆ ನೀವು ನಿಶ್ಚಿಂತೆಯಿಂದಿರಬಹುದು.

ಆದರೆ ತೊಡಕು ಇರುವುದು ಇಲ್ಲಿಯೇ. ಈ ಕುಲದ ಅನೇಕ ಶಿಲೀಂಧ್ರಗಳು ಆರೋಗ್ಯವಂತ ಮರಗಳ ಎಲೆ, ತೊಗಟೆಗಳ ಒಳಗೂ ಯಾವ ಉಪದ್ರವವನ್ನೂ ಕೊಡದೆ ಬದುಕಿರುತ್ತವೆ. ಮರ ಬಳಲಿದಾಗ ಅವುಗಳಲ್ಲಿ ಕೆಲವು ಬಣ್ಣ ಬದಲಿಸುತ್ತವೆ. ನೀವು ಒಣಗಿದ ರೆಂಬೆಯಿಂದ ಮಾತ್ರ ಮಾದರಿ ತೆಗೆದಿದ್ದೀರಿ. ಪಕ್ಕದ ಹಸಿರು ಮರದಿಂದ ಅಷ್ಟೇ ಸಂಖ್ಯೆಯ ತುಂಡುಗಳನ್ನು ತೆಗೆದು, ಅದೇ ದ್ರಾವಣದಲ್ಲಿ ಅಷ್ಟೇ ಹೊತ್ತು ಅದ್ದಿ, ಅದೇ ದಿನ ತಟ್ಟೆಗೆ ಹಾಕಿದ್ದೀರಾ? ಇಲ್ಲವೆಂದಾದರೆ ನಿಮ್ಮ ಬಳಿ ಇರುವುದು ಅರ್ಧ ಪ್ರಯೋಗ. ನನ್ನ ಬಳಿ ಬಂದ ಪಿಎಚ್.ಡಿ. ಪ್ರಬಂಧಗಳಲ್ಲಿ ಬಹುಪಾಲು ಹೀಗೆ ಅರ್ಧಕ್ಕೇ ನಿಂತವು ಎಂಬುದನ್ನು ಬೇಸರದಿಂದಲೇ ಹೇಳುತ್ತೇನೆ.

ರೋಗಕ್ಕೆ ಕಾರಣ ಇದೇ ಜೀವಿ ಎಂದು ಸಾಧಿಸಲು ರಾಬರ್ಟ್ ಕಾಕ್ ಹೇಳಿದ ನಾಲ್ಕು ಮೆಟ್ಟಿಲುಗಳನ್ನು ನೀವು ಬಿ.ಎಸ್ಸಿ.ಯಲ್ಲಿಯೇ ಬಾಯಿಪಾಠ ಮಾಡಿರುತ್ತೀರಿ: ರೋಗಿಯಲ್ಲಿ ಕಾಣಬೇಕು, ಬೇರ್ಪಡಿಸಿ ಬೆಳೆಸಬೇಕು, ಆರೋಗ್ಯವಂತ ಸಸ್ಯಕ್ಕೆ ಸೋಂಕಿಸಿದಾಗ ಅದೇ ಲಕ್ಷಣ ಬರಬೇಕು, ಅದರಿಂದ ಅದನ್ನೇ ಮತ್ತೆ ಬೇರ್ಪಡಿಸಬೇಕು. ಎಲ್ಲರೂ ಎರಡನೆಯ ಮೆಟ್ಟಿಲಿನಲ್ಲಿ ಕುಳಿತುಬಿಡುತ್ತಾರೆ, ಏಕೆಂದರೆ ಅದು ಹವಾನಿಯಂತ್ರಿತ ಕೋಣೆಯಲ್ಲಿದೆ.

ಒಂದು ಹಳೆಯ ಮಾತು. ಲೆಸ್ಲಿ ಕೋಲ್ಮನ್ 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದಾಗ ಅವರಿಗೆ ಮೂವತ್ತರ ಪ್ರಾಯ. ಇಂದಿನ ಲೆಕ್ಕದಲ್ಲಿ ಆಗಷ್ಟೇ ವೃತ್ತಿಗೆ ಕಾಲಿಟ್ಟ ವಿಜ್ಞಾನಿ. ಅಡಿಕೆಯ ಕೊಳೆರೋಗವನ್ನು ಅವರು ಮಲೆನಾಡಿನ ಮಳೆ, ತೋಟ, ಗೊನೆಗಳ ನಡುವೆ ಅಧ್ಯಯನ ಮಾಡಿದ್ದರಿಂದಲೇ ಬೋರ್ಡೋ ದ್ರಾವಣ ಸಿಂಪಡಿಸುವ ಪರಿಹಾರ ರೈತರ ಕೈಗೆ ಬಂತು. ಆ ರೋಗಕಾರಕ ಫೈಟಾಫ್ತೊರಾ. ಅದನ್ನು ಈಗ ನಿಜವಾದ ಶಿಲೀಂಧ್ರಗಳ ಗುಂಪಿನಲ್ಲಿ ಸೇರಿಸುವುದೇ ಇಲ್ಲ, ಅದರ ಕೋಶಭಿತ್ತಿಯಲ್ಲಿ ಮುಖ್ಯವಾಗಿರುವುದು ಶಿಲೀಂಧ್ರಗಳಲ್ಲಿರುವಂತೆ ಕೈಟಿನ್ ಅಲ್ಲ, ಸಸ್ಯಗಳಲ್ಲಿರುವಂತೆ ಸೆಲ್ಯುಲೋಸ್. ಹೆಸರು, ವಂಶ ಬದಲಾದವು. ಗೊನೆಗೆ ಹೊಡೆಯುವ ಮದ್ದು ಬದಲಾಗಲಿಲ್ಲ.

ನನ್ನ ಸಲಹೆಯಿಷ್ಟೇ: ಮರದಿಂದ ಆರಂಭಿಸಿ. ಬೇವನ್ನು ಮಾತ್ರ ಹಿಡಿಯಿರಿ. ರಸ್ತೆಬದಿ, ಹೊಲದ ಬದು, ಕಾಡಂಚು ಈ ಮೂರು ನೆಲೆಗಳಲ್ಲಿ ಮರಗಳನ್ನು ಗೊತ್ತುಮಾಡಿ, ಅಲ್ಯೂಮಿನಿಯಂ ಬಿಲ್ಲೆಗೆ ಸಂಖ್ಯೆ ಕೊರೆದು ಕಟ್ಟಿ, ನೆಲದಿಂದ 1.37 ಮೀಟರ್ ಎತ್ತರದಲ್ಲಿ ಸುತ್ತಳತೆ ತೆಗೆದು, ನೆತ್ತಿಯ ಎಷ್ಟು ಪಾಲು ಒಣಗಿದೆ ಎಂಬುದನ್ನು ಒಬ್ಬರೇ ಒಂದೇ ಅಳತೆಗೋಲಿನಿಂದ ತಿಂಗಳಿಗೊಮ್ಮೆ ಬರೆದಿಡಿ. ಗ್ಯಾನೋಡರ್ಮಾ, ಜಾಲಾರಿ ಎರಡೂ ನಿಮ್ಮ ಮುಂದಿನ ಹತ್ತು ವರ್ಷಗಳಿಗೆ ಇರಲಿ.

ಉತ್ತರ 2: ನಿವೃತ್ತ ವಲಯ ಅರಣ್ಯಾಧಿಕಾರಿ, ಮಧುಗಿರಿ

ನಾನು ವಿಜ್ಞಾನಿಯಲ್ಲ, ಮೂವತ್ತು ವರ್ಷ ಈ ಬೆಟ್ಟಗಳಲ್ಲಿ ಗಸ್ತು ತಿರುಗಿದವನು. ಮೇಷ್ಟರು ಹೇಳಿದ್ದಕ್ಕೆ ಕಾಡಿನ ಕಡೆಯಿಂದ ಒಂದೆರಡು ಮಾತು ಸೇರಿಸುತ್ತೇನಮ್ಮ.

ಮರ ಒಣಗಿದ ವರ್ಷವನ್ನು ಮಾತ್ರ ನೋಡಬೇಡಿ, ಅದರ ಹಿಂದಿನ ಮೂರು ವರ್ಷಗಳ ಮಳೆ ಲೆಕ್ಕವನ್ನೂ ತೆಗೆಯಿರಿ. ನಮ್ಮ ಜಿಲ್ಲೆಯಲ್ಲಿ ಎರಡು ಬರ ಬೆನ್ನಿಗೆ ಬೆನ್ನು ಬಂದು, ಮೂರನೆಯ ವರ್ಷ ಜಡಿಮಳೆ ಹಿಡಿದರೆ, ಆ ವರ್ಷ ಎಲ್ಲ ಕಡೆಯಿಂದ "ಮರಕ್ಕೆ ರೋಗ ಬಂದಿದೆ" ಎಂಬ ದೂರು ಬರುತ್ತದೆ. ರೋಗ ಕಣ್ಣಿಗೆ ಬಿದ್ದದ್ದು ಮಳೆಯಲ್ಲಿ, ಮರ ಸೋತದ್ದು ಬರದಲ್ಲಿ. ನೀವು ಹೇಳಿದ ಹೊಂಗೆ, ಹುಣಸೆಗಳ ಬುಡವನ್ನು ಸುತ್ತುಹಾಕಿ ನೋಡಿದ್ದೀರಾ? ರಸ್ತೆ ಅಗಲ ಮಾಡುವಾಗಲೋ, ಪೈಪು ಹೂಳಲು ಚರಂಡಿ ತೆಗೆಯುವಾಗಲೋ ಒಂದು ಪಕ್ಕದ ಬೇರುಗಳನ್ನು ಜೆಸಿಬಿ ಕತ್ತರಿಸಿರುತ್ತದೆ. ಮರ ಆ ಹೊತ್ತಿಗೆ ಏನೂ ಆಗದಂತೆ ನಿಲ್ಲುತ್ತದೆ. ಕೆಲವು ವರ್ಷಗಳ ನಂತರ ಆ ಪಕ್ಕದಲ್ಲಿಯೇ, ಅರಗು ಬಳಿದಂತೆ ಹೊಳೆಯುವ ಕೆಂಗಂದು ಅಣಬೆ ತಲೆ ಎತ್ತುತ್ತದೆ, ಒಂದು ದಿನ ಗಾಳಿಗೆ ಮರ ಉರುಳುತ್ತದೆ. ಪಂಚನಾಮೆಯಲ್ಲಿ ನಾವು "ಗಾಳಿಗೆ ಬಿದ್ದದ್ದು" ಎಂದು ಬರೆಯುತ್ತಿದ್ದೆವು; ಬರೆಯಲು ಬೇರೆ ಕಾಲಂ ಇರಲಿಲ್ಲ.

ಕಾಡಿನೊಳಗೆ ಬೆಂಕಿಯ ಇತಿಹಾಸವೂ ಬೇಕು. ಮಾಘದಿಂದ ಚೈತ್ರದವರೆಗೆ ಯಾವ ಪಕ್ಕಕ್ಕೆ ಬೆಂಕಿ ಬಿದ್ದಿತ್ತು, ಎಷ್ಟು ಸಲ ಬಿದ್ದಿತ್ತು ಎಂಬುದು ಕಾಗದಕ್ಕಿಂತ ಚೆನ್ನಾಗಿ ಆ ಬೀಟಿನ ವಾಚರ್‌ಗಳ ನೆನಪಿನಲ್ಲಿರುತ್ತದೆ. ಅವರನ್ನು ಕೂರಿಸಿಕೊಂಡು ಕೇಳಿ. ಲಂಟಾನ ಮುಚ್ಚಿಕೊಂಡ ಕಡೆ ಬೆಂಕಿಯ ಕಾವು ಹೆಚ್ಚು, ಬುಡದ ತೊಗಟೆ ಸೀಳಿದರೆ ಶಿಲೀಂಧ್ರಕ್ಕೆ ಬಾಗಿಲು ತೆರೆದಂತೆ.

ಅನುಮತಿಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಮೀಸಲು ಅರಣ್ಯದಲ್ಲಿ ಒಂದು ಕಡ್ಡಿ ಮುರಿಯುವುದಕ್ಕೂ ಇಲಾಖೆಯ ಒಪ್ಪಿಗೆ ಬೇಕು. ನಿಮ್ಮ ಗೈಡ್ ಅವರ ಪತ್ರ, ಜಾಗಗಳ ನಕ್ಷೆ, ಎಷ್ಟು ಮಾದರಿ, ಯಾವ ತಿಂಗಳಿಂದ ಯಾವ ತಿಂಗಳವರೆಗೆ ಎಂಬ ವಿವರಗಳೊಂದಿಗೆ ಡಿಸಿಎಫ್ (ಉಪ ಅರಣ್ಯ ಸಂರಕ್ಷಣಾಧಿಕಾರಿ) ಅವರಿಗೆ ಅರ್ಜಿ ಕೊಡಿ. ಬುಕ್ಕಾಪಟ್ಟಣದ ಚಿಂಕಾರ ಅಭಯಾರಣ್ಯಕ್ಕೆ ಹೋಗುವುದಾದರೆ ವನ್ಯಜೀವಿ ವಿಭಾಗದ ಅನುಮತಿ ಬೇರೆಯೇ ಬೇಕಾಗುತ್ತದೆ, ಅದಕ್ಕೆ ತಿಂಗಳುಗಳು ಹಿಡಿಯುತ್ತವೆ. ಮೊದಲ ವರ್ಷ ಅದನ್ನು ಸೇರಿಸದಿರುವುದೇ ಜಾಣತನ.

ಇನ್ನೊಂದು ಮಾತು. ಮಳೆಗಾಲದಲ್ಲಿ ಹುತ್ತದ ಅಣಬೆ ನೋಡಲು ಹೋದರೆ ಒಬ್ಬರೇ ಹೋಗಬೇಡಿ, ಬೆಳಗಿನ ಮಬ್ಬಿನಲ್ಲಂತೂ ಬೇಡವೇ ಬೇಡ. ಗೆದ್ದಲಿಗಾಗಿ ಅದೇ ಹುತ್ತಕ್ಕೆ ಕರಡಿಯೂ ಬರುತ್ತದೆ.

ಉತ್ತರ 3: ಪೋಸ್ಟ್‌ಡಾಕ್ಟರಲ್ ಸಂಶೋಧಕಿ, ಬೆಂಗಳೂರು (ಊರು ಚಿಂತಾಮಣಿ)

ಹಿರಿಯರಿಬ್ಬರ ಮಾತನ್ನೂ ಒಪ್ಪುತ್ತೇನೆ, ಆದರೆ ಒಂದು ಆಕ್ಷೇಪವಿದೆ. ತಿಂಗಳಿಗೊಮ್ಮೆ ಮರ ಎಣಿಸುತ್ತ ಕುಳಿತರೆ ಮೊದಲ ಫಲಿತಾಂಶ ಬರಲು ಎರಡು ವರ್ಷ ಬೇಕು. ಫೆಲೋಶಿಪ್ ಐದು ವರ್ಷ. ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ಇದ್ದರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ನಂತರ 42,000. ಅದು ಕೈಗೆ ಸಿಗುವುದು ತಿಂಗಳುಗಟ್ಟಲೆ ತಡವಾಗಿ ಎಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ. ಫೆಲೋಶಿಪ್ ಇಲ್ಲದವರ ಪಾಡು ಕೇಳುವುದೇ ಬೇಡ. ಹೀಗಿರುವಾಗ ಪಟ್ಟಿಯನ್ನು ಪೂರ್ತಿ ಕಡೆಗಣಿಸುವಂತೆ ಹೊಸಬರಿಗೆ ಹೇಳುವುದು ಅಷ್ಟು ನ್ಯಾಯವಲ್ಲ. ಜಗತ್ತಿನಲ್ಲಿ ಹೆಸರಿಟ್ಟ ಶಿಲೀಂಧ್ರಗಳು ಸುಮಾರು ಒಂದೂವರೆ ಲಕ್ಷ. ಇರಬಹುದಾದವು 22ರಿಂದ 38 ಲಕ್ಷವೆಂದು 2017ರ ಒಂದು ಅಂದಾಜು. ನಮ್ಮ ಬಯಲುಸೀಮೆಯ ಕುರುಚಲು ಕಾಡುಗಳನ್ನು ಪಶ್ಚಿಮ ಘಟ್ಟದಷ್ಟು ಯಾರೂ ಹುಡುಕಿಲ್ಲ. ಒಳ್ಳೆಯ ಪಟ್ಟಿಗೂ ಬೆಲೆಯಿದೆ, ಅದು ಒಳ್ಳೆಯದಾಗಿದ್ದರೆ.

ಒಳ್ಳೆಯದೆಂದರೆ ಏನು ಎಂಬುದನ್ನು ನಾನು ಪೆಟ್ಟು ತಿಂದು ಕಲಿತೆ. ನನ್ನ ಮೊದಲ ಲೇಖನದಲ್ಲಿ ಐಟಿಎಸ್ ಎಂಬ ಡಿಎನ್‌ಎ ಭಾಗವೊಂದನ್ನೇ ಓದಿಸಿ ಫ್ಯುಸೇರಿಯಂ ಪ್ರಭೇದಕ್ಕೆ ಹೆಸರು ಕೊಟ್ಟಿದ್ದೆ. ಐಟಿಎಸ್ ಅನ್ನು 2012ರಲ್ಲಿ ಶಿಲೀಂಧ್ರಗಳ ಗುರುತುಪಟ್ಟಿಯೆಂದು (ಬಾರ್‌ಕೋಡ್) ಒಪ್ಪಿದ್ದು ನಿಜ, ಆದರೆ ಫ್ಯುಸೇರಿಯಂ, ಡಯಾಪೋರ್ಥೆಗಳಂತಹ ಕುಲಗಳಲ್ಲಿ ಅದು ಅಣ್ಣತಮ್ಮಂದಿರನ್ನು ಬೇರ್ಪಡಿಸಲಾರದು. ಟಿಇಎಫ್1, ಬೀಟಾ ಟ್ಯೂಬ್ಯುಲಿನ್ ಮುಂತಾದ ಇನ್ನೂ ಕೆಲವು ಜೀನುಗಳು ಬೇಕು. ಲೇಖನ ಹಿಂದಕ್ಕೆ ಬಂತು. ಮತ್ತೆ ಓದಿಸೋಣವೆಂದರೆ ಮೂಲ ಶಿಲೀಂಧ್ರವೇ ಉಳಿದಿರಲಿಲ್ಲ. ನಾನಿದ್ದ ಕಾಲೇಜಿನಲ್ಲಿ ಬೇಸಿಗೆ ರಜೆಯಲ್ಲಿ ಯಾರೋ ಮುಖ್ಯ ಸ್ವಿಚ್ ಆರಿಸಿ ಹೋಗಿದ್ದರು. ಫ್ರಿಜ್ಜಿನಲ್ಲಿದ್ದ, ಶಿಲೀಂಧ್ರ ಬೆಳೆಸಿದ ಗಾಜಿನ ಕೊಳವೆಗಳೊಳಗೆ ಹುಳಗಳು ಹೊಕ್ಕು ಒಂದರ ಬೂಸ್ಟನ್ನು ಇನ್ನೊಂದಕ್ಕೆ ಹಚ್ಚಿದ್ದವು. ಒಂದೂವರೆ ವರ್ಷದ ಕೆಲಸ ಹಾಗೆ ಹೋಯಿತು.

ಆದ್ದರಿಂದ ಇಂದಿನಿಂದಲೇ ಪ್ರತಿಯೊಂದು ಶಿಲೀಂಧ್ರದ ನಾಲ್ಕೈದು ಅಗರ್ ತುಣುಕುಗಳನ್ನು ಕ್ರಿಮಿಶುದ್ಧ ನೀರಿದ್ದ ಸಣ್ಣ ಶೀಶೆಗೆ ಹಾಕಿ, ಬಿರಡೆ ಬಿಗಿದು, ಕಪಾಟಿನಲ್ಲಿಡಿ. ಕರೆಂಟಿನ ಹಂಗಿಲ್ಲದೆ ಹಲವು ಶಿಲೀಂಧ್ರಗಳು ಹೀಗೆ ವರ್ಷಗಟ್ಟಲೆ ಬದುಕಿರುತ್ತವೆ. ಮುಖ್ಯವಾದವುಗಳ ಒಂದು ಪ್ರತಿಯನ್ನು ಪುಣೆಯ ಅಘರ್ಕರ್ ಸಂಶೋಧನಾ ಸಂಸ್ಥೆಯಲ್ಲಿರುವ ರಾಷ್ಟ್ರೀಯ ಶಿಲೀಂಧ್ರ ಸಂಗ್ರಹಕ್ಕೆ ಕಳುಹಿಸಿ ಸಂಖ್ಯೆ ಪಡೆದುಕೊಳ್ಳಿ. ಅಣಬೆಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ತರಬೇಡಿ, ಬೆವರಿ ಕೊಳೆಯುತ್ತವೆ. ಕಿರಾಣಿ ಅಂಗಡಿಯ ಕಾಗದದ ಪೊಟ್ಟಣವೇ ಸಾಕು. ಚೀಟಿಯನ್ನು ಪೆನ್ಸಿಲ್ಲಿನಲ್ಲಿ ಬರೆಯಿರಿ. ಬಾಲ್‌ಪೆನ್ ಶಾಯಿ ಸ್ಪಿರಿಟ್ ತಾಗಿದರೆ ಅಳಿಸಿಹೋಗುತ್ತದೆ ಎಂಬುದನ್ನು ಯಾರೂ ಹೇಳಿಕೊಡುವುದಿಲ್ಲ.

ಮೇಷ್ಟರು ಬಿಟ್ಟ ಒಂದು ಅಂಶವನ್ನೂ ಸೇರಿಸುತ್ತೇನೆ. ಬೇವಿನ ಚಿಗುರನ್ನು ಹೀರುವ ಟೀ ಸೊಳ್ಳೆ ಎಂಬ ತಿಗಣೆಯಿದೆ, ಗೋಡಂಬಿ ಬೆಳೆಗಾರರಿಗೆ ಚಿರಪರಿಚಿತ. ಅದು ಚುಚ್ಚಿದ ಚಿಗುರೂ ದೂರದಿಂದ ಹೀಗೆಯೇ ಸುಟ್ಟಂತೆ ಕಾಣುತ್ತದೆ, ಆ ಗಾಯದಲ್ಲಿ ಶಿಲೀಂಧ್ರವೂ ಸೇರಿಕೊಳ್ಳುತ್ತದೆ. ನಿಮ್ಮ ಮಾಸಿಕ ಪಟ್ಟಿಯಲ್ಲಿ ಕೀಟಕ್ಕೊಂದು ಕಾಲಂ ಇರಲಿ. ಮರಗಳ ರೋಗದ ಬಗ್ಗೆ ಮಾತನಾಡಲು ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ, ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದ ಸಸ್ಯರೋಗಶಾಸ್ತ್ರ ವಿಭಾಗ ಎರಡೂ ನಿಮಗೆ ಬೆಳಿಗ್ಗೆ ಹೊರಟು ಸಂಜೆ ಮರಳುವಷ್ಟು ಹತ್ತಿರದಲ್ಲಿವೆ. ಪತ್ರ ಬರೆದು, ಮಾದರಿ ಹಿಡಿದುಕೊಂಡೇ ಹೋಗಿ.

ಉತ್ತರ 4: ನಿವೃತ್ತ ಸಸ್ಯರೋಗಶಾಸ್ತ್ರ ಅಧ್ಯಾಪಕ, ಕೋಲಾರ

ಚಿಂತಾಮಣಿಯವರ ಆಕ್ಷೇಪವನ್ನು ಒಪ್ಪಿಕೊಳ್ಳುತ್ತೇನೆ. ಸಂಬಳ ನಿಂತ ಕಾಲವನ್ನು ನಾನು ಮರೆತಿದ್ದೆ. ಹಾಗಾದರೆ ಹೀಗೆ ಮಾಡಬಹುದು: ಮೊದಲ ವರ್ಷದ ಲೇಖನಕ್ಕೆ ಒಣಗಿದ ಮತ್ತು ಹಸಿರು ರೆಂಬೆಗಳ ಶಿಲೀಂಧ್ರಗಳ ಹೋಲಿಕೆ ಸಾಕು. ಅದು ಪಟ್ಟಿಯೂ ಹೌದು, ಪ್ರಶ್ನೆಗೆ ಉತ್ತರವೂ ಹೌದು. ಎಣಿಕೆ ತನ್ನ ಪಾಡಿಗೆ ನಡೆಯುತ್ತಿರಲಿ. ಟೀ ಸೊಳ್ಳೆಯನ್ನು ನಾನು ಬಿಟ್ಟದ್ದು ಮರೆವಿನಿಂದಲ್ಲ. ನಮ್ಮ ಕಾಲದಲ್ಲಿ ಕೀಟದವರೂ ರೋಗದವರೂ ಒಬ್ಬರ ಕೋಣೆಗೆ ಇನ್ನೊಬ್ಬರು ಕಾಲಿಡುತ್ತಿರಲಿಲ್ಲ. ಆ ದುರಭ್ಯಾಸ ನಿಮಗೆ ಬೇಡ.

ಪ್ರಶ್ನೆ ಕೇಳಿದವರು, ಐದು ವಾರಗಳ ನಂತರ

ಎಲ್ಲರಿಗೂ ಕೃತಜ್ಞತೆಗಳು. ಡಿಸಿಎಫ್ ಕಚೇರಿಗೆ ಅರ್ಜಿ ಕೊಟ್ಟಿದ್ದೇನೆ. ಅದು ಬರುವವರೆಗೆ ಹೊಲದ ಮಾಲೀಕರನ್ನು ಕೇಳಿಕೊಂಡು ಬದುಗಳಲ್ಲಿರುವ ಬೇವಿಗೆ ಬಿಲ್ಲೆ ಕಟ್ಟಿ ಮುಗಿಸಿದೆ. ಒಬ್ಬ ಅಜ್ಜಿ ಬಿಲ್ಲೆಯನ್ನು ನೋಡಿ, ಮರ ಕಡಿಯಲು ಗುರುತು ಹಾಕುತ್ತಿದ್ದೇನೆಂದು ತಿಳಿದು ಬೈದರು. ವಿವರಿಸಿದ ಮೇಲೆ, ಅವರ ಮನೆ ಮುಂದಿನ ಬೇವು ಹಿಂದೆಯೂ ಒಮ್ಮೆ ಹೀಗೆಯೇ ಒಣಗಿ ಯುಗಾದಿಯ ಹೊತ್ತಿಗೆ ಚಿಗುರಿತ್ತು ಎಂದರು. ಅದನ್ನೂ ಬರೆದುಕೊಂಡಿದ್ದೇನೆ.

ಗುಳ್ಳೆಯನ್ನು ಒಡೆದು ನೋಡಿದಾಗ ಎರಡೂ ಬಗೆಯ ಬೀಜಕಗಳು ಕಂಡವು, ಕೊಕ್ಕೆಯಂತೆ ಬಾಗಿದವು ಸ್ಪಷ್ಟವಾಗಿಯೇ ಇದ್ದವು. ಸಂತೋಷ ಹೆಚ್ಚು ದಿನ ಉಳಿಯಲಿಲ್ಲ. ಹಸಿರು ಮರದ ರೆಂಬೆಗಳಿಂದ ಹಾಕಿದ ಐದು ತಟ್ಟೆಗಳ ಪೈಕಿ ಎರಡರಲ್ಲಿ ಅದೇ ಹತ್ತಿಯಂತಹ ಬಿಳಿ ಬೆಳವಣಿಗೆ ಬಂದಿದೆ, ಅದೇ ಬೀಜಕಗಳಿವೆ. ನನ್ನ ತೊಳೆಯುವಿಕೆಯಲ್ಲಿ ತಪ್ಪಿರಬಹುದೆಂದು, ಕೊನೆಯ ಸಲ ತೊಳೆದ ನೀರನ್ನೇ ಬೇರೆ ತಟ್ಟೆಗೆ ಸುರಿದು ನೋಡಿದೆ. ಅದರಲ್ಲಿ ಏನೂ ಬೆಳೆಯಲಿಲ್ಲ. ಅಂದರೆ ಅದು ರೆಂಬೆಯ ಒಳಗಿನಿಂದಲೇ ಬಂದಿದೆ. ಇದು ಅದೇ ಪ್ರಭೇದವೋ, ನಿರುಪದ್ರವಿಯಾದ ಅದರ ದಾಯಾದಿಯೋ? ಮುಂದೇನು ಮಾಡಲಿ?

ಉತ್ತರ 5: ನಿವೃತ್ತ ಸಸ್ಯರೋಗಶಾಸ್ತ್ರ ಅಧ್ಯಾಪಕ, ಕೋಲಾರ

ತೊಳೆದ ನೀರನ್ನು ಪರೀಕ್ಷಿಸಿದ್ದು ಬಹಳ ಒಳ್ಳೆಯದಾಯಿತು. ಎರಡು ಕೆಲಸಗಳಿವೆ. ಹಸಿರು ಮರದ ಶಿಲೀಂಧ್ರ ಮತ್ತು ಒಣ ಮರದ ಶಿಲೀಂಧ್ರ ಎರಡರಿಂದಲೂ ಒಂಟಿ ಬೀಜಕದ ಶುದ್ಧ ಬೆಳೆ ತೆಗೆದು, ಚಿಂತಾಮಣಿಯವರು ಹೇಳಿದ ಜೀನುಗಳನ್ನು ಓದಿಸಿ. ಎರಡನ್ನೂ ಬೇವಿನ ಸಸಿಗಳಿಗೆ ಸೋಂಕಿಸಿ. ಅರ್ಧದಷ್ಟು ಸಸಿಗಳಿಗೆ ನೀರು ಕಡಿಮೆ ಮಾಡಿ, ಇನ್ನರ್ಧಕ್ಕೆ ದಿನವೂ ಹಾಕಿ. ಬರದಲ್ಲಿ ಸೋತ ಮರ ಎಂದು ಅರಣ್ಯಾಧಿಕಾರಿಗಳು ಹೇಳಿದ ಮಾತನ್ನು ಕುಂಡದಲ್ಲಿಯೇ ಪರೀಕ್ಷಿಸಿದಂತಾಗುತ್ತದೆ. ಹೋಲಿಕೆಗಾಗಿ, ಶಿಲೀಂಧ್ರವಿಲ್ಲದ ಬರಿಯ ಅಗರ್ ತುಣುಕನ್ನು ಕಟ್ಟಿದ ಸಸಿಗಳೂ ಕೆಲವು ಇರಬೇಕು.

ಸಸಿಗಳನ್ನು ನರ್ಸರಿಯಿಂದ ಕೊಂಡು ತರಬೇಡಿ. ಈ ಶಿಲೀಂಧ್ರ ಬೀಜದ ಮೂಲಕವೂ ಸಾಗುತ್ತದೆ. ಸೋಂಕು ಮೊದಲೇ ಇದ್ದ ಸಸಿಗೆ ನೀವು ಸೋಂಕಿಸಿದರೆ ಯಾವುದನ್ನೂ ಸಾಧಿಸಿದಂತಾಗುವುದಿಲ್ಲ. ಬೇವಿನ ಬೀಜ ಕೆಲವೇ ವಾರಗಳಲ್ಲಿ ಮೊಳೆಯುವ ಶಕ್ತಿ ಕಳೆದುಕೊಳ್ಳುವುದರಿಂದ ಹಳೆಯ ದಾಸ್ತಾನೂ ಆಗದು. ಜೂನ್ ಹೊತ್ತಿಗೆ ಹಣ್ಣು ಉದುರುತ್ತದೆ. ನೆಲಕ್ಕೆ ಬಿದ್ದದ್ದನ್ನು ಆಯದೆ, ಆ ಅಜ್ಜಿಯ ಮರ ಚೇತರಿಸಿಕೊಂಡಿದ್ದರೆ ಅದರ ಕೊಂಬೆಯಿಂದಲೇ ಮಾಗಿದ ಹಣ್ಣು ಕಿತ್ತು, ತಿರುಳು ತೊಳೆದು, ನೆರಳಿನಲ್ಲಿ ಆರಿಸಿ, ಬಿತ್ತುವ ಮೊದಲು ಒಂದಷ್ಟು ಬೀಜಗಳನ್ನು ಅಗರ್ ಮೇಲಿಟ್ಟು ನೋಡಿ.